ಬೀದಿನಾಯಿಯ ಔಷಧದ ಖರ್ಚು ಯಾರ ಪಾಲಿಗೆ?

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಬೆಂಗಳೂರಿನ ಜಕ್ಕೂರು ವೈಮಾನಿಕ ಶಾಲೆಯಲ್ಲಿ ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದವರು ಕ್ಯಾಪ್ಟನ್ ವಿ. ಸುಂದರಂ. ಮೈಸೂರು ಮಹಾರಾಜರ ಡಕೋಟಾ ವಿಮಾನಕ್ಕೂ ಪೈಲಟ್ ಆಗಿದ್ದರು. ಅದೇ ಜಕ್ಕೂರಿನಲ್ಲಿ ಕಲಿತು ಪೈಲಟ್ ಆದ ಪತ್ನಿ ಉಷಾ ಅವರ ಜೊತೆ 1951ರಲ್ಲಿ ಲಂಡನ್ನಿನಿಂದ ಮುಂಬೈಗೆ 27 ಗಂಟೆಗಳಲ್ಲಿ ವಿಮಾನ ತಂದು ದಾಖಲೆ ಮಾಡಿದರು. ವಿಮಾನಯಾನದ ಚರಿತ್ರೆ ಈ ದಂಪತಿಯನ್ನು ನೆನೆಯುತ್ತದೆ. ಭಾರತದ ಬೀದಿನಾಯಿಗಳ ಬದುಕಿನಲ್ಲಿ ಅವರ ಮನೆತನದ ಪಾತ್ರ ಅದಕ್ಕಿಂತ ದೊಡ್ಡದು ಎಂದು ನಾನು ನಂಬಿದ್ದೇನೆ.

1959ರ ಮಳೆಗಾಲ. ಮದ್ರಾಸಿನ ನೀರು ನಿಂತ ಬೀದಿಯಲ್ಲಿ ಒದ್ದಾಡುತ್ತಿದ್ದ ನಾಯಿಮರಿಗಳನ್ನು ಸುಂದರಂ ಎತ್ತಿಕೊಂಡು ಮನೆಗೆ ತಂದರು. ಮರಿಗಳಿಗೆ ಜಾಗ ಸಿಕ್ಕ ಮನೆಗೆ ಗಾಯಗೊಂಡ ಇನ್ನಷ್ಟು ಪ್ರಾಣಿಗಳು ಬರತೊಡಗಿದವು. ಬ್ಲೂ ಕ್ರಾಸ್ ಆಫ್ ಇಂಡಿಯಾ ಹುಟ್ಟಿದ್ದು ಹೀಗೆ. ಅನ್ನ, ಔಷಧ, ಬ್ಯಾಂಡೇಜು ಎಲ್ಲವೂ ಮೊದಮೊದಲು ಮನೆಯವರ ಕಿಸೆಯಿಂದಲೇ ಆಯಿತು.

ಆ ಊರಿನ ನಗರಪಾಲಿಕೆ ಆಗ ನಾಯಿಗಳಿಗೆ ಖರ್ಚು ಮಾಡುತ್ತಿರಲಿಲ್ಲ ಎಂದಲ್ಲ. ಮಾಡುತ್ತಿತ್ತು, ಕೊಲ್ಲುವುದಕ್ಕೆ. 1860ರಲ್ಲಿ ಶುರುವಾದ ಆ ಪದ್ಧತಿಗೆ ಸುಂದರಂ ಅವರ ಕಾಲಕ್ಕೆ ನೂರು ವರ್ಷ ತುಂಬಿತ್ತು. ಹಿಡಿದ ನಾಯಿಗಳಿಗೆ ವಿದ್ಯುತ್ ಹಾಯಿಸಿ ಸಾಯಿಸುತ್ತಿದ್ದರು. ಎಂಜಿನಿಯರ್ ಆಗಿದ್ದ ಮಗ ಚಿನ್ನಿ ಕೃಷ್ಣ ಕೇಳಿದ್ದು ಸರಳ ಪ್ರಶ್ನೆ: ನೂರು ವರ್ಷ ಕೊಂದರೂ ನಾಯಿಗಳು ಯಾಕೆ ಮುಗಿದಿಲ್ಲ? ಉತ್ತರ ಬೀದಿಯಲ್ಲೇ ಇತ್ತು. ಕಸದ ತೊಟ್ಟಿ, ಮಾಂಸದಂಗಡಿಯ ಚೂರು, ಹೋಟೆಲಿನ ಹಿತ್ತಿಲ ಎಂಜಲೆಲೆ ಇರುವಷ್ಟು ದಿನ, ಒಂದು ನಾಯಿ ಹೋದ ಜಾಗಕ್ಕೆ ಪಕ್ಕದ ಬೀದಿಯ ನಾಯಿ ಬರುತ್ತದೆ. ಹೆಣ್ಣುನಾಯಿ ವರ್ಷಕ್ಕೆ ಎರಡು ಸಲ ಮರಿ ಹಾಕಬಲ್ಲದು. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಟ್ಟರೆ ಆ ನಾಯಿ ತನ್ನ ಬೀದಿಗೆ ಹೊರಗಿನ ನಾಯಿಗಳನ್ನು ಸೇರಿಸುವುದಿಲ್ಲ, ಮರಿಯನ್ನೂ ಹಾಕುವುದಿಲ್ಲ. 1964ರಲ್ಲಿ ಬ್ಲೂ ಕ್ರಾಸ್ ಈ ಕೆಲಸ ಶುರುಮಾಡಿತು. ನಗರಪಾಲಿಕೆ ಒಪ್ಪಿಕೊಂಡಿದ್ದು 1996ರಲ್ಲಿ. ನಡುವಿನ ಮೂವತ್ತೆರಡು ವರ್ಷ ಕೊಲ್ಲುವ ಖರ್ಚು ಸರ್ಕಾರದ್ದು, ಬದುಕಿಸುವ ಖರ್ಚು ದಾನಿಗಳದ್ದು.

ಈ ಹಂಚಿಕೆ ಮದ್ರಾಸಿನ ಕಥೆಗಿಂತಲೂ ಹಳೆಯದು. 1832ರಲ್ಲಿ ಮುಂಬೈನ ಬ್ರಿಟಿಷ್ ಆಡಳಿತ ಬೀದಿನಾಯಿ ಕೊಂದವರಿಗೆ ಬಹುಮಾನ ಕೊಡಹೊರಟಾಗ ನಾಯಿಯನ್ನು ಪವಿತ್ರವೆಂದು ಕಾಣುವ ಪಾರ್ಸಿಗಳು ಬೀದಿಗಿಳಿದರು, ಗಲಭೆಯಾಯಿತು. ಎರಡು ವರ್ಷದ ಮೇಲೆ ಜಮ್‌ಶೇಟ್‌ಜಿ ಜೀಜೀಭಾಯ್ ಮತ್ತು ಗುಜರಾತಿ ವರ್ತಕರು ಸೇರಿ ಮುಂಬೈ ಪಾಂಜರಪೋಳ ಎಂಬ ಪ್ರಾಣಿಗಳ ಆಶ್ರಯತಾಣ ಕಟ್ಟಿದರು. ಅಲ್ಲಿಯೂ ಕೊಲ್ಲುವ ಬಹುಮಾನ ಖಜಾನೆಯಿಂದ ಬಂತು, ಮೇವು ಅನ್ನ ವರ್ತಕರ ಗಂಟಿನಿಂದ ಬಂತು.

ಕಾನೂನು ನಿಧಾನವಾಗಿ ಮೆತ್ತಗಾಯಿತು. ರಾಜ್ಯಸಭೆಯಲ್ಲಿ ರುಕ್ಮಿಣಿ ದೇವಿ ಅರುಂಡೇಲ್ ಪಟ್ಟು ಹಿಡಿದುದರ ಫಲ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ. ಆದರೆ ಅದರಲ್ಲೂ ಬೀದಿನಾಯಿಗಳನ್ನು ಕೊಲ್ಲುವ ಕೋಣೆಗಳಿಗೆ ವಿನಾಯಿತಿ ಉಳಿದುಕೊಂಡಿತ್ತು. ಶಸ್ತ್ರಚಿಕಿತ್ಸೆ ಮಾಡಿ ಬಿಡುವ ವಿಧಾನವನ್ನು ದೇಶಕ್ಕೆಲ್ಲ ನಿಯಮ ಮಾಡಿದ್ದು 2001ರಲ್ಲಿ. ಅದರ ಪರಿಷ್ಕೃತ ರೂಪ 2023ರದು.

ಅಷ್ಟರಲ್ಲಿ ಜೈಪುರ ಈ ವಿಧಾನ ಫಲ ಕೊಡುತ್ತದೆಂದು ತೋರಿಸಿತ್ತು. ಅಲ್ಲಿನ ಹೆಲ್ಪ್ ಇನ್ ಸಫರಿಂಗ್ ಸಂಸ್ಥೆ 1994ರಲ್ಲಿ ಶುರುಮಾಡಿದ ಕೆಲಸದಿಂದ ಎಂಟು ವರ್ಷಗಳಲ್ಲಿ ನಾಯಿಗಳ ಸಂಖ್ಯೆ ಶೇ 28ರಷ್ಟು ಇಳಿಯಿತು. ಆ ಪ್ರದೇಶದಲ್ಲಿ ಮನುಷ್ಯರ ರೇಬಿಸ್ ಪ್ರಕರಣಗಳು ಸೊನ್ನೆಗೆ ಬಂದವು. ಆ ಸಂಸ್ಥೆಯನ್ನು ಕಟ್ಟಿದ ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಮಹಿಳೆ ಇಳಿವಯಸ್ಸಿನಲ್ಲಿ ಬೆಂಗಳೂರಿಗೆ ಬಂದರು. 1991ರಲ್ಲಿ ಇಲ್ಲಿ ಅವರು ಹುಟ್ಟುಹಾಕಿದ್ದೇ ಕೂಪಾ ಎಂಬ ಪ್ರಾಣಿಕಲ್ಯಾಣ ಸಂಸ್ಥೆ. ಎಂಬತ್ತು ದಾಟಿದ ಮೇಲೆ ಹೊಸ ಊರಿನಲ್ಲಿ ಪ್ರಾಣಿಗಳಿಗೊಂದು ಆಸರೆ ಕಟ್ಟಲು ಹೊರಟ ಆ ಜೀವಕ್ಕೆ ಈ ನಗರ ಇನ್ನೂ ಋಣಿ.

ಬೆಂಗಳೂರಿನ ಲೆಕ್ಕವೂ ಆಶೆ ಹುಟ್ಟಿಸುವಂಥದ್ದೇ. ಬಿಬಿಎಂಪಿಯ 2019ರ ಗಣತಿಯಲ್ಲಿ ಸುಮಾರು 3.10 ಲಕ್ಷ ಬೀದಿನಾಯಿಗಳಿದ್ದವು. 2023ರಲ್ಲಿ ಅದು 2.79 ಲಕ್ಷಕ್ಕೆ ಇಳಿದಿತ್ತು. ಶಸ್ತ್ರಚಿಕಿತ್ಸೆಯಾದ ನಾಯಿಗಳ ಪಾಲು ಶೇ 51ರಿಂದ ಸುಮಾರು 72ಕ್ಕೆ ಏರಿತ್ತು.

ಇಷ್ಟಾದರೂ ಒಂದು ಖರ್ಚು ಹಾಗೆಯೇ ಅನಾಥವಾಗಿ ಉಳಿದಿದೆ. ಪಾಲಿಕೆ ಸಂಸ್ಥೆಗಳಿಗೆ ಕೊಡುವುದು ನಾಯಿಯೊಂದಕ್ಕೆ ಇಷ್ಟು ಎಂಬ ದರ. ಹಿಡಿಯುವುದು, ಶಸ್ತ್ರಚಿಕಿತ್ಸೆ, ಲಸಿಕೆ, ಕೆಲವು ದಿನದ ಆರೈಕೆ, ಕಿವಿಯ ಗುರುತು, ವಾಪಸು ಬಿಡುವುದು ಇವೆಲ್ಲ ಆ ದರದೊಳಗೆ ಬರುತ್ತವೆ. ಕಾರು ಹಾಯ್ದು ಬೆನ್ನು ಮುರಿದ ನಾಯಿ ಅದರೊಳಗೆ ಬರುವುದಿಲ್ಲ. ಸರ್ಕಾರಿ ಪಶು ಆಸ್ಪತ್ರೆಯಲ್ಲಿ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವೈದ್ಯರಿದ್ದಾರೆ. ಆದರೆ ನಾಯಿಯನ್ನು ಹಿಡಿದು ಆಟೊದಲ್ಲಿ ಒಯ್ದು, ಆಮೇಲೆ ಇಟ್ಟುಕೊಂಡು ನೋಡಿಕೊಳ್ಳುವವರು ಬೇಕು. ಪಾರ್ವೊ ಬಂದ ಮರಿಗೆ ದಿನಗಟ್ಟಲೆ ಡ್ರಿಪ್ ಹಾಕಬೇಕು. ಹುಳ ಬಿದ್ದ ಗಾಯವನ್ನು ದಿನಾ ತೊಳೆದು ಔಷಧ ಹಚ್ಚಬೇಕು. ನಾಯಿಗಳ ನಡುವೆ ಕೂಡುವಿಕೆಯಿಂದ ಹರಡುವ ಗಡ್ಡೆಯ ರೋಗವೊಂದಿದೆ. ವಾರಕ್ಕೊಂದರಂತೆ ನಾಲ್ಕಾರು ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಪೂರ್ತಿ ವಾಸಿಯಾಗುತ್ತದೆ, ಆದರೆ ಪ್ರತಿ ವಾರ ಅದೇ ನಾಯಿ ಕೈಗೆ ಸಿಗಬೇಕು. ಇದನ್ನೆಲ್ಲ ಮಾಡುತ್ತಿರುವವರು ಬಡಾವಣೆಯ ಗೃಹಿಣಿಯರು, ಸಂಬಳದ ದಿನ ಕಾಯುವ ಹುಡುಗ ಹುಡುಗಿಯರು, ಬೀದಿಗೆ ಅನ್ನ ತರುವ ಅಜ್ಜಂದಿರು. ಗಾಯದ ಫೋಟೊ, ಆಸ್ಪತ್ರೆ ಬಿಲ್, ಯುಪಿಐ ಕೋಡ್ ಮೂರನ್ನೂ ವಾಟ್ಸ್‌ಆ್ಯಪ್‌ನಲ್ಲಿ ಹಾಕಿ ಐವತ್ತು ನೂರು ರೂಪಾಯಿಗಳನ್ನು ಕೂಡಿಸುತ್ತಾರೆ. ಕಂಪನಿಗಳ ಸಿಎಸ್‌ಆರ್ ಹಣವನ್ನು ಪ್ರಾಣಿಕಲ್ಯಾಣಕ್ಕೂ ಕೊಡಬಹುದೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಆದರೆ ಅದನ್ನು ಕೇಳಿ ಪಡೆಯಲು ನೋಂದಾಯಿತ ಸಂಸ್ಥೆ, ಆಡಿಟ್, ಕಡತ ಬೇಕು. ಬೀದಿಯಲ್ಲಿ ನಾಯಿ ಎತ್ತುವ ಒಬ್ಬಂಟಿ ಕೈಗೆ ಅದು ಎಟುಕುವುದಿಲ್ಲ.

2025ರಲ್ಲಿ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ದೆಹಲಿ ಮತ್ತು ಸುತ್ತಿನ ನಾಯಿಗಳನ್ನೆಲ್ಲ ಆಶ್ರಯತಾಣಕ್ಕೆ ಒಯ್ಯಿರಿ ಎಂದ ಆಗಸ್ಟ್ 11ರ ಆದೇಶವನ್ನು 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ತಿದ್ದಿತು. ರೇಬಿಸ್ ತಗಲಿದ, ಕಚ್ಚುವ ಸ್ವಭಾವದ ನಾಯಿಗಳನ್ನು ಬಿಟ್ಟು ಉಳಿದವನ್ನು ಶಸ್ತ್ರಚಿಕಿತ್ಸೆ, ಲಸಿಕೆಯ ಬಳಿಕ ಅವುಗಳ ಜಾಗಕ್ಕೇ ಬಿಡಬೇಕೆಂದಿತು. ಅದೇ ಆದೇಶದಲ್ಲಿ, ನ್ಯಾಯಾಲಯಕ್ಕೆ ಬಂದ ಶ್ವಾನಪ್ರಿಯರು ತಲಾ 25 ಸಾವಿರ, ಸಂಸ್ಥೆಗಳು ತಲಾ 2 ಲಕ್ಷ ರೂಪಾಯಿ ಠೇವಣಿ ಇಡಬೇಕು, ಆ ಹಣ ನಾಯಿಗಳ ಸೌಲಭ್ಯಕ್ಕೆ ಹೋಗಬೇಕು ಎಂಬ ಮಾತೂ ಇತ್ತು. ನಾಯಿಯ ಪರವಾಗಿ ಬಾಯಿ ತೆರೆದವರೇ ಮತ್ತೆ ಹಣವನ್ನೂ ತೆರಬೇಕಾಯಿತು. ಇದು ನನಗೆ ನ್ಯಾಯವೆನಿಸಲಿಲ್ಲ. ನವೆಂಬರ್ 7ರ ಆದೇಶ ಇನ್ನೂ ಮುಂದೆ ಹೋಗಿ, ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಅಲ್ಲಿಗೆ ವಾಪಸು ಬಿಡಕೂಡದು ಎಂದಿತು.

ಮಕ್ಕಳ ಮೇಲೆ ನಾಯಿ ಬಿದ್ದ ಸುದ್ದಿ ಓದಿದಾಗ ನನ್ನ ಕರುಳೂ ಹಿಂಡುತ್ತದೆ. ಅಂಥ ಆದೇಶದ ಹಿಂದಿನ ಭಯ ಸುಳ್ಳಲ್ಲ. ಆದರೆ ಹಾಗೆ ಆಶ್ರಯತಾಣಕ್ಕೆ ಒಯ್ದ ನಾಯಿ ಹತ್ತು ಹನ್ನೆರಡು ವರ್ಷ ಬದುಕಬಹುದು. ಅಷ್ಟೂ ದಿನ ಅದಕ್ಕೆ ಅನ್ನ, ಲಸಿಕೆ, ಕಾಯಿಲೆಗೆ ಔಷಧ ಬೇಕು. ನೂರಾರು ನಾಯಿ ಒಂದೆಡೆ ಸೇರಿದರೆ ಡಿಸ್ಟೆಂಪರ್‌ನಂಥ ಸೋಂಕು ಬೇಗ ಹಬ್ಬುತ್ತದೆ. ಆದ್ದರಿಂದ ಪ್ರತಿ ನಗರಪಾಲಿಕೆಯ ಬಜೆಟ್‌ನಲ್ಲೂ ಸಂತಾನಹರಣದ ಮೊತ್ತದ ಕೆಳಗೆ ಇನ್ನೊಂದು ಸಾಲು ಬೇಕು: ಗಾಯಗೊಂಡ ಮತ್ತು ಕಾಯಿಲೆ ಬಿದ್ದ ಬೀದಿನಾಯಿಗಳ ಚಿಕಿತ್ಸೆ. ಎದುರಿಗೆ ಮೊತ್ತವನ್ನೂ ಬರೆಯಬೇಕು. ನಾಯಿಯನ್ನು ಆಸ್ಪತ್ರೆಗೆ ತಂದವರ ಕೈಗೆ ಬಿಲ್ ಕೊಡದೆ, ಅದನ್ನು ಆ ಸಾಲಿನ ಲೆಕ್ಕಕ್ಕೆ ಕಳಿಸುವ ಏರ್ಪಾಡೂ ಆಗಬೇಕು.