ಕಪ್ಪತಗುಡ್ಡವನ್ನು ಯಾವ ತಿಂಗಳಲ್ಲಿ ಶೂಟ್ ಮಾಡ್ತೀರಿ?

 

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ನಿಮ್ಮ ಕೈಗೆ ಒಂದು ಚಲೋ ಕ್ಯಾಮೆರಾ, ಅರಣ್ಯ ಇಲಾಖೆಯ ಅನುಮತಿ ಎರಡನ್ನೂ ಕೊಟ್ಟು, ‘ಕಪ್ಪತಗುಡ್ಡದ ಮ್ಯಾಲೆ ಒಂದು ಡಾಕ್ಯುಮೆಂಟರಿ ಮಾಡ್ರಿ’ ಅಂದರೆ ಯಾವ ತಿಂಗಳು ಹೋಗ್ತೀರಿ? ಗದಗ, ಶಿರಹಟ್ಟಿ, ಮುಂಡರಗಿ ಕಡೆಯ ಗೆಳೆಯರನ್ನು ಕೇಳಿದಾಗಲೆಲ್ಲ ನನಗೆ ಸಿಕ್ಕ ಉತ್ತರ ಒಂದೇ: ಆಗಸ್ಟ್. ಮಳೆ ಬಿದ್ದಿರ್ತದ, ಗುಡ್ಡ ಹಸಿರಾಗಿರ್ತದ, ಮುಂಜಾನೆ ಮಂಜು ಇಳಿದಿರ್ತದ. ನಿಮ್ಮ ಫೋನಿನಲ್ಲಿ ಬರೋ ಕಪ್ಪತಗುಡ್ಡದ ರೀಲ್ಸ್‌ ನೋಡ್ರಿ, ಹೆಚ್ಚುಕಮ್ಮಿ ಎಲ್ಲವೂ ಆ ಎರಡು ಮೂರು ತಿಂಗಳವೇ. ಕೆಳಗೆ ಕ್ಯಾಪ್ಷನ್: ‘ಉತ್ತರ ಕರ್ನಾಟಕದ ಸಹ್ಯಾದ್ರಿ’.

ಆ ಹೆಸರನ್ನು ಪ್ರೀತಿಯಿಂದಲೇ ಇಟ್ಟಿದ್ದಾರೆ, ಒಪ್ತೀನಿ. ಆದರೆ ನಮ್ಮ ಗುಡ್ಡವನ್ನು ಹೊಗಳೋದಕ್ಕೆ ಇನ್ನೊಂದು ಗುಡ್ಡದ ಹೆಸರು ಯಾಕೆ ಬೇಕಾಯ್ತು? ಸಹ್ಯಾದ್ರಿ ಹಂಗ ಕಂಡರೆ ಮಾತ್ರ ಅದು ಕಾಡು ಅನ್ನೋ ಲೆಕ್ಕ ನಮ್ಮ ತಲೆಯೊಳಗೆ ಎಲ್ಲಿಂದ ಬಂತು? ಶಾಲೆಯ ಪುಸ್ತಕದಿಂದ ಸ್ವಲ್ಪ ಬಂದಿರಬಹುದು. ಬಾಕಿ ಬಹಳಷ್ಟು ಬಂದಿದ್ದು ಟೀವಿಯಿಂದ ಅಂತ ನನಗನಿಸ್ತದ. ಅದಕ್ಕೇ ಇವತ್ತಿನ ವಿಷಯ: ವೈಲ್ಡ್‌ಲೈಫ್ ಡಾಕ್ಯುಮೆಂಟರಿ ಕಾಡನ್ನು ಹೆಂಗ ತೋರಿಸ್ತದ, ಮತ್ತು ಏನನ್ನು ತೋರಿಸೋದಿಲ್ಲ.

ಮೊದಲು ತಯಾರಿಕೆಯ ಗುಟ್ಟು. ಚಿರತೆ ಒಣ ಎಲೆ ತುಳಿಯೋ ಸದ್ದು ನಿಮಗೆ ಸ್ಪಷ್ಟವಾಗಿ ಕೇಳ್ತದಲ್ಲ, ಆ ಚಿರತೆ ಕ್ಯಾಮೆರಾದಿಂದ ಇನ್ನೂರು ಮುನ್ನೂರು ಮೀಟರ್ ದೂರ ಇರ್ತದ. ಉದ್ದನೆಯ ಲೆನ್ಸ್ ಚಿತ್ರವನ್ನು ಹತ್ತಿರ ತರ್ತದ, ಸದ್ದನ್ನು ತರೋದಿಲ್ಲ. ಹಂಗಾಗಿ ಸದ್ದನ್ನು ಆಮೇಲೆ ಸ್ಟುಡಿಯೋದಲ್ಲಿ ಕೈಯಿಂದ ಮಾಡ್ತಾರೆ. ಇದಕ್ಕೆ ಫೋಲಿ ಅಂತ ಹೆಸರು. ಹಿಮಕರಡಿ ಹಿಮದ ಮೇಲೆ ನಡೆಯೋ ಸದ್ದು ಬೇಕಾದರೆ ಕಾಲುಚೀಲದಲ್ಲಿ ಕಸ್ಟರ್ಡ್ ಪುಡಿ ತುಂಬಿ ಹಿಸುಕೋದು ಈ ಕಸುಬಿನವರ ಹಳೆಯ ಉಪಾಯ.

ಇನ್ನು ಕಥೆ. ಬಿಬಿಸಿಯ ‘ಪ್ಲಾನೆಟ್ ಅರ್ತ್ 2’ ಸರಣಿಯಲ್ಲಿ, 2016ರಲ್ಲಿ, ಒಂದು ಮರಿ ಇಗ್ವಾನಾ ಹಾವುಗಳ ಹಿಂಡಿನಿಂದ ತಪ್ಪಿಸಿಕೊಂಡು ಓಡೋ ದೃಶ್ಯ ಬಂತು. ಉಸಿರು ಬಿಗಿ ಹಿಡಿದು ನೋಡಿದೋರು ನಿಮ್ಮಲ್ಲೂ ಇದ್ದೀರಿ. ಅದು ಒಂದೇ ಇಗ್ವಾನಾ ಅಲ್ಲ. ಬೇರೆ ಬೇರೆ ಮರಿಗಳು ಓಡಿದ್ದನ್ನು ಕೂಡಿಸಿ ಒಂದೇ ಓಟ ಮಾಡಿದ್ದರು, ಅದನ್ನು ತಯಾರಿಸಿದೋರೇ ಮುಂದೆ ಹೇಳಿದರು. 2011ರ ‘ಫ್ರೋಜನ್ ಪ್ಲಾನೆಟ್’ನಲ್ಲಿ ಹಿಮಕರಡಿ ಮರಿಗಳ ಗುಹೆಯ ದೃಶ್ಯ ಚಿತ್ರಿತವಾದದ್ದು ಆರ್ಕ್ಟಿಕ್‌ನಲ್ಲಲ್ಲ, ನೆದರ್‌ಲ್ಯಾಂಡ್ಸ್‌ನ ಒಂದು ಪ್ರಾಣಿ ಉದ್ಯಾನದಲ್ಲಿ. ಬ್ರಿಟನ್ನಿನ ಪತ್ರಿಕೆಗಳು ದೊಡ್ಡ ಗದ್ದಲ ಮಾಡಿದವು.

ಇವನ್ನೆಲ್ಲ ಮೋಸ ಅಂತ ಕರೆಯೋಕೆ ನನಗೆ ಮನಸ್ಸಿಲ್ಲ. ನಿಜವಾದ ಗುಹೆಗೆ ಕ್ಯಾಮೆರಾ ತುರುಕಿದರೆ ತಾಯಿಕರಡಿ ಮರಿ ಬಿಟ್ಟು ಹೋಗಬಹುದು. ಪ್ರಾಣಿ ಉದ್ಯಾನದಲ್ಲಿ ತೆಗೆದದ್ದೇ ಚಲೋ ಆತು, ಅದನ್ನು ಆ ಎಪಿಸೋಡಿನಲ್ಲೇ ಹೇಳಿದ್ದರೆ ಇನ್ನೂ ಚಲೋ. ಮೋಸ ಅಂದರೆ ಡಿಸ್ನಿಯ 1958ರ ‘ವೈಟ್ ವೈಲ್ಡರ್‌ನೆಸ್’. ಲೆಮ್ಮಿಂಗ್ ಅನ್ನೋ ಇಲಿಜಾತಿಯ ಪ್ರಾಣಿಗಳು ಗುಂಪುಗುಂಪಾಗಿ ನೀರಿಗೆ ಹಾರಿ ಸಾಯ್ತಾವ ಅಂತ ತೋರಿಸಿದ ಚಿತ್ರ ಅದು. ಪ್ರಾಣಿಗಳನ್ನು ತಂದು, ದಂಡೆಯಿಂದ ತಳ್ಳಿ ಚಿತ್ರೀಕರಿಸಿದ್ದರು ಅಂತ 1982ರಲ್ಲಿ ಕೆನಡಾದ ಟೀವಿ ಕಾರ್ಯಕ್ರಮವೊಂದು ಬಯಲು ಮಾಡಿತು. ಅಷ್ಟರಲ್ಲಿ ಆ ಚಿತ್ರಕ್ಕೆ ಆಸ್ಕರ್ ಬಂದಾಗಿತ್ತು. ‘ಲೆಮ್ಮಿಂಗ್ ಆತ್ಮಹತ್ಯೆ’ ಅನ್ನೋ ಸುಳ್ಳು ಇನ್ನೂ ಜೀವಂತ ಇದೆ.

ಆದರೆ ನನ್ನನ್ನು ಕಾಡೋದು ಫ್ರೇಮಿನೊಳಗೆ ಸೇರಿಸಿದ್ದಕ್ಕಿಂತ ಫ್ರೇಮಿನಿಂದ ಹೊರಗೆ ಬಿಟ್ಟದ್ದು. ಅದು ನಮ್ಮೂರ ಪಕ್ಕದಲ್ಲೇ ಕಾಣ್ತದ. ಬರ್ರಿ, ಮಾಗಡಿಗೆ ಹೋಗೋಣು.

ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರ್ತಾವ. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ. ಬೇಸಿಗೆಯಲ್ಲಿ ಮಂಗೋಲಿಯಾ, ಟಿಬೆಟ್ ಕಡೆಯ ಎತ್ತರದ ಕೆರೆಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ದಕ್ಷಿಣಕ್ಕೆ ಬರೋ ಜಾತಿ ಇದು. ಮಾಗಡಿಯಲ್ಲಿ ಸುಮಾರು 8,000 ಹೆಬ್ಬಾತು ಚಳಿಗಾಲ ಕಳೀತಾವ ಅಂತ ಅಂದಾಜು. 2024ರ ಜನವರಿ ಕೊನೆಗೆ ಈ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಜಗತ್ತಿನ ಮಹತ್ವದ ಜೌಗುಭೂಮಿಗಳ ಪಟ್ಟಿ ಅದು. ಅದೇ ಸಲ ಕರ್ನಾಟಕದಿಂದ ಅಂಕಸಮುದ್ರ, ಅಘನಾಶಿನಿ ಕೂಡ ಸೇರಿದವು.

ಈ ಹಕ್ಕಿಯ ಬಗ್ಗೆ ಯಾವ ವಿಡಿಯೋ ಹಾಕಿದರೂ ಒಂದು ಸಾಲು ಗ್ಯಾರಂಟಿ: ‘ಎವರೆಸ್ಟ್ ಮ್ಯಾಲೆ ಹಾರೋ ಹಕ್ಕಿ’. ಹಿಂದೆ ಸಂಗೀತ, ಮುಂದೆ ಹಿಮದ ಶಿಖರ. ವಿಜ್ಞಾನಿಗಳು ಹಕ್ಕಿಗಳ ಮೈಗೆ ಟ್ರ್ಯಾಕರ್ ಕಟ್ಟಿ ಹಿಂಬಾಲಿಸಿದಾಗ ಕಂಡದ್ದು ಬೇರೆ. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಾಖಲಾದ ಅತಿ ಹೆಚ್ಚಿನ ಎತ್ತರ 7,290 ಮೀಟರ್. ಎವರೆಸ್ಟ್ 8,849 ಮೀಟರ್. ಬಹಳಷ್ಟು ಸಲ ಅವು 5,500 ಮೀಟರಿಗಿಂತ ಕೆಳಗೇ ಇದ್ದವು, ಶಿಖರ ಬಿಟ್ಟು ಕಣಿವೆ ಹಿಡಿದು ಬಂದವು. 2015ರ ಇನ್ನೊಂದು ಅಧ್ಯಯನ ಹೃದಯ ಬಡಿತವನ್ನೂ ಅಳೆಯಿತು. ನೆಲ ಏರಿದಲ್ಲಿ ಏರಿ, ಇಳಿದಲ್ಲಿ ಇಳಿದು, ಗುಡ್ಡದ ಮೈಗೆ ಅಂಟಿಕೊಂಡಂಗ ಹಾರ್ತಾವ ಅಂತ ತಿಳೀತು. ಒಂದೇ ಸಮ ಎತ್ತರದಲ್ಲಿ ಹಾರೋದಕ್ಕಿಂತ ಅದರಲ್ಲಿ ಶ್ರಮ ಕಮ್ಮಿ, ಯಾಕಂದರೆ ಕೆಳಗೆ ಗಾಳಿ ದಟ್ಟ. ಘಾಟಿನಾಗ ಲೋಡ್ ಲಾರಿ ಹೊಡೆಯೋ ಡ್ರೈವರನ ಲೆಕ್ಕಾಚಾರ ಇದು. ನನಗಂತೂ ಎವರೆಸ್ಟ್ ಕಥೆಗಿಂತ ಇದೇ ಹೆಚ್ಚು ರೋಚಕ.

ಇನ್ನೊಂದು ಮಾತು. ಮಾಗಡಿ ಕೆರೆ ‘ಕಾಡಿನ’ ಕೆರೆ ಅಲ್ಲ. ಮಳೆನೀರು ಹಿಡಿದು ಹೊಲಕ್ಕೆ ಬಿಡೋಣ ಅಂತ ಮನುಷ್ಯರೇ ಕಟ್ಟಿದ್ದು, ವಿಸ್ತಾರ ಸುಮಾರು 50 ಹೆಕ್ಟೇರ್. ಹೆಬ್ಬಾತುಗಳು ಹಗಲು ನೀರಿನಲ್ಲಿ, ದಂಡೆಯಲ್ಲಿ ವಿಶ್ರಾಂತಿ ತೊಗೊಂಡು, ಸಂಜೆಯಾದ ಮೇಲೆ ಸುತ್ತಲಿನ ಹೊಲಗಳಿಗೆ ಮೇಯೋಕೆ ಹೋಗ್ತಾವ. ಶೇಂಗಾ, ಕಡಲೆ ಬೆಳೆದ ರೈತರ ಹೊಲ ಅವು. ಅಂದರೆ ಹಕ್ಕಿಗೆ ಅರ್ಧ ಊಟ ಹಾಕೋರು ಊರಿನೋರು. ಆದರೂ ಕ್ಯಾಮೆರಾ ಹಿಡಿದೋರು ಮೊದಲು ಮಾಡೋ ಕೆಲಸ ಏನು? ದಂಡೆ ಮೇಲಿನ ಎಮ್ಮೆ, ಮೋಟರ್‌ಸೈಕಲ್, ಕರೆಂಟ್ ಕಂಬ ಫ್ರೇಮಿನೊಳಗೆ ಬರದಂಗ ನೋಡ್ಕೊಳ್ಳೋದು. ಚಿತ್ರ ಚಂದ ಬರ್ತದ, ನಿಜ. ಆದರೆ ಆ ಹೆಬ್ಬಾತು ಇಲ್ಲಿ ಯಾಕೆ ಬದುಕಿದೆ ಅನ್ನೋದರ ಕಾರಣ ಆ ಎಮ್ಮೆಯ ಜೊತೆಗೇ ಫ್ರೇಮಿನಿಂದ ಹೊರಗೆ ಹೋಗ್ತದ.

ಹೆಬ್ಬಾತಿನ ವಿಷಯದಲ್ಲಿ ಇದರಿಂದ ದೊಡ್ಡ ನಷ್ಟವಿಲ್ಲ ಅಂತ ಬೇಕಾದರೆ ಅನ್ರಿ. ತೋಳದ ವಿಷಯದಲ್ಲಿ ಹಂಗನ್ನೋಕಾಗೋದಿಲ್ಲ.

2022ರ ಗಣತಿ ಪ್ರಕಾರ ದೇಶದ ಹುಲಿಗಳ ಸರಾಸರಿ ಅಂದಾಜು 3,682. ಭಾರತದ ಬಯಲುನಾಡಿನ ತೋಳ ಸುಮಾರು 3,000 ಇರಬಹುದು ಅಂತ ತಜ್ಞರ ಅಂದಾಜು. ಹುಲಿಗಿಂತ ಕಮ್ಮಿ! ಆದರೆ ಹುಲಿಯ ಸಿನಿಮಾ ಎಷ್ಟು ನೋಡಿದ್ದೀರಿ, ತೋಳದ್ದು ಎಷ್ಟು? ಕಾರಣ ಸರಳ. ಹುಲಿ ಕಾಡಿನಲ್ಲಿರ್ತದ, ಸಫಾರಿ ಜೀಪಿಗೆ ಸಿಗ್ತದ. ತೋಳ ಇರೋದು ಕುರುಚಲು ಗುಡ್ಡ, ಹುಲ್ಲುಗಾವಲು, ಹಳ್ಳದ ಕೊರಕಲು, ಕುರಿ ಮೇಯೋ ಬಯಲು. ಕಪ್ಪತಗುಡ್ಡದ ಸುತ್ತ ಇರೋ ನೆಲವೇ ಅದು. ಬಹುಪಾಲು ತೋಳಗಳು ಅಭಯಾರಣ್ಯದ ಗಡಿಯೊಳಗೆ ಇರೋದೇ ಇಲ್ಲ.

ಈ ನೆಲಕ್ಕೆ ಸರ್ಕಾರಿ ಕಾಗದದಲ್ಲಿ ಏನಂತಾರೆ ಗೊತ್ತೇನು? ಪಾಳುಭೂಮಿ. ಕೇಂದ್ರ ಸರ್ಕಾರ ಪಾಳುಭೂಮಿಗಳ ಅಟ್ಲಾಸ್ ಅಂತಲೇ ಒಂದು ಪ್ರಕಟಿಸ್ತದ. ಕುರುಚಲು ಇರೋ ನೆಲ ಅದರಲ್ಲಿ ಒಂದು ವರ್ಗ. ಪಾಳು ಅಂದಮೇಲೆ ಸೋಲಾರ್ ಹಾಕಿದರೇನು, ಗಾಳಿಯಂತ್ರ ನಿಲ್ಲಿಸಿದರೇನು, ಸಸಿ ನೆಟ್ಟು ‘ಹಸಿರು’ ಮಾಡಿದರೇನು, ಕೇಳೋರಿಲ್ಲ. ಹುಲ್ಲುಗಾವಲಿನಲ್ಲಿ ಗಿಡ ನೆಡೋದೂ ಅಲ್ಲಿನ ಜೀವಿಗಳಿಗೆ ಮನೆ ಕೆಡವಿದಂಗ ಅನ್ನೋದನ್ನು ಯಾವ ಟೀವಿ ನಮಗೆ ಕಲಿಸಿದೆ? ಪರದೆ ಮೇಲೆ ಎಂದೂ ಚಂದ ಕಾಣದ ನೆಲ ಕಾಗದದಲ್ಲಿ ಪಾಳಾಗೋದು ಬಹಳ ಸಲೀಸು.

ಕುರುಬರ ಮಾತೂ ಇಲ್ಲಿ ಬರಬೇಕು. ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕಂತ ಹೊಲದಲ್ಲಿ ಕುರಿ ನಿಲ್ಲಿಸ್ತಾರಲ್ಲ, ಅಂಥ ಹಟ್ಟಿಯ ಹಿರಿಯರೊಬ್ಬರನ್ನು ನಾನು ತೋಳದ ಬಗ್ಗೆ ಕೇಳಿದ್ದೆ. ಅವರಿಗೆ ಸಿಟ್ಟು ಬರ್ತದ ಅಂದ್ಕೊಂಡಿದ್ದೆ. ‘ಅದೂ ಹೊಟ್ಟಿಗೇ ಬರ್ತೈತೋ ತಮ್ಮಾ, ನಾವು ನಾಯಿ ಚಲೋ ಇಟ್ಕೋಬೇಕು’ ಅಂದರು. ಹಂಗಂತ ಮರಿ ಹೋದ ನೋವು ಸಣ್ಣದಲ್ಲ, ಒಂದೊಂದು ಮರಿಯೂ ರೊಕ್ಕ. ಡಾಕ್ಯುಮೆಂಟರಿಯಲ್ಲಿ ತೋಳ ಹೀರೋ ಆದರೆ ಇವರು ವಿಲನ್ ಆಗ್ತಾರೆ, ಇಲ್ಲಾ ಫ್ರೇಮಿನಲ್ಲೇ ಇರೋದಿಲ್ಲ. ತೋಳ ಮತ್ತು ಕುರಿಗಾರ ಒಂದೇ ಬಯಲನ್ನು ಹಂಚಿಕೊಂಡು ಬದುಕಿದ ಕಥೆ ಇದಕ್ಕಿಂತ ದೊಡ್ಡದು, ಹಿಡಿಯೋಕೆ ಕಷ್ಟದ್ದೂ ಹೌದು.

ಸಿನಿಮಾಕ್ಕೆ ಅದು ಆಗದ ಕೆಲಸ ಅಲ್ಲ. ಸೀಳುನಾಯಿಯ ಉದಾಹರಣೆ ತೊಗೋರಿ. ಬ್ರಿಟಿಷರ ಕಾಲದಿಂದ ಅದನ್ನು ಪೀಡೆ ಅಂತ ಕೊಂದು, ಕೊಂದವರಿಗೆ ಇನಾಮು ಕೊಡ್ತಿದ್ದರು. ನಮ್ಮ ಮೈಸೂರಿನ ಕೃಪಾಕರ–ಸೇನಾನಿ ಬಂಡೀಪುರ ಭಾಗದಲ್ಲಿ ವರ್ಷಗಟ್ಟಲೆ ಅವುಗಳ ಹಿಂದೆ ಅಲೆದು ‘ವೈಲ್ಡ್ ಡಾಗ್ ಡೈರೀಸ್’, ‘ದಿ ಪ್ಯಾಕ್’ ಮಾಡಿದರು. ಹಸಿರು ಆಸ್ಕರ್ ಅಂತ ಕರೆಯೋ ಪ್ರಶಸ್ತಿಯೂ ಬಂತು. ಆ ಚಿತ್ರಗಳನ್ನು ನೋಡಿದ ಮೇಲೆ ಸೀಳುನಾಯಿ ಬರೀ ಕೊಲೆಗಡುಕ ಅಂತ ಅನ್ನಿಸೋದಿಲ್ಲ, ಸಂಸಾರಸ್ಥ ಪ್ರಾಣಿ ಅಂತ ಅನ್ನಿಸ್ತದ. ಗದುಗಿನ ತೋಳಕ್ಕೂ ಅಷ್ಟು ತಾಳ್ಮೆಯ ಒಬ್ಬರು ಸಿಗಲಿ ಅನ್ನೋದು ನನ್ನ ಆಸೆ.

ಭಾಷೆಯ ಮಾತನ್ನೂ ಸಣ್ಣಗೆ ಹೇಳಿಬಿಡ್ತೀನಿ. ನಾವು ಚಿಕ್ಕೋರಿದ್ದಾಗ ಕಾಡು ಮಾತಾಡ್ತಿದ್ದದ್ದು ಇಂಗ್ಲಿಷ್, ಇಲ್ಲಾ ಹಿಂದಿ. 2020ರ ಜನವರಿಯಲ್ಲಿ ‘ವೈಲ್ಡ್ ಕರ್ನಾಟಕ’ ಥಿಯೇಟರಿಗೆ ಬಂತು. ನಿರ್ದೇಶನ ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ, ಇಂಗ್ಲಿಷ್ ದನಿ ಡೇವಿಡ್ ಅಟೆನ್‌ಬರೋ, ಕನ್ನಡದ್ದು ರಿಷಬ್ ಶೆಟ್ಟಿ. 2022ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’. ಡಾಕ್ಯುಮೆಂಟರಿಗೆ ಊರ ತುಂಬ ಟಿಕೆಟ್ ತೊಗೊಂಡು ಜನ ಕೂತಿದ್ದನ್ನು ನಾವು ಕಂಡಿದ್ದು ಆಗಲೇ. ಕನ್ನಡ ಬಂತು, ಸಂತೋಷ. ಇನ್ನು ನಮ್ಮ ಕಡೆಯ ಕನ್ನಡವೂ ಬರಲಿ. ಪರದೆ ಮೇಲೆ ‘ಕೃಷ್ಣಮೃಗ’ ಅಂದರೆ ಮುಂಡರಗಿಯ ಅಜ್ಜಿ ಸುಮ್ಮನೆ ನೋಡ್ತಾಳೆ, ‘ಚಿಗರಿ’ ಅಂದರೆ ಮೂರು ಕಥೆ ಹೇಳ್ತಾಳೆ. ಹುಬ್ಬಳ್ಳಿ–ಧಾರವಾಡದ ಬಸ್ಸಿಗೆ ಸಿಕ್ಕ ಹೆಸರು ಡಾಕ್ಯುಮೆಂಟರಿಗೆ ಸಿಗಬಾರದೇನು?

ಈಗ ಮತ್ತೆ ಗುಡ್ಡಕ್ಕೆ ಬರೋಣು. ಕಪ್ಪತಗುಡ್ಡವನ್ನು ಉಳಿಸಿದ್ದು ಕ್ಯಾಮೆರಾ ಅಲ್ಲ, ಜನ. 2015ರ ಡಿಸೆಂಬರ್‌ನಲ್ಲಿ ಅದನ್ನು ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ ಸರ್ಕಾರ ಮರುವರ್ಷ ನವೆಂಬರ್‌ನಲ್ಲಿ ಆ ಆದೇಶ ಹಿಂತೆಗೆದುಕೊಂಡಿತು. ಗಣಿಗಾರಿಕೆಗೆ ದಾರಿ ಆಗ್ತದ ಅಂತ ಗದಗ ಬೀದಿಗಿಳಿಯಿತು. ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು. 2017ರ ಏಪ್ರಿಲ್‌ನಲ್ಲಿ ಆದೇಶ ಮರಳಿ ಬಂತು. 2019ರ ಮೇ ತಿಂಗಳಲ್ಲಿ 244 ಚದರ ಕಿಲೋಮೀಟರ್ ವನ್ಯಜೀವಿಧಾಮ ಆಯಿತು. ಅದನ್ನು ನೋಡೋಕೆ ಸ್ವಾಮೀಜಿ ಇರಲಿಲ್ಲ, 2018ರ ಅಕ್ಟೋಬರ್‌ನಲ್ಲಿ ತೀರಿಕೊಂಡಿದ್ದರು. ಆ ಹೋರಾಟದಲ್ಲಿ ಜನ ಹೆಚ್ಚು ಮಾತಾಡಿದ್ದು ಔಷಧಿ ಗಿಡ, ಮಳೆ, ಗಾಳಿ, ಹೊಲದ ಬಗ್ಗೆ. ಹುಲಿ ಇಲ್ಲ, ಜಲಪಾತ ಇಲ್ಲ, ಸ್ಲೋಮೋಷನ್‌ನಲ್ಲಿ ತೋರಿಸೋ ಅಂಥದ್ದು ಏನೂ ಇಲ್ಲ. ಆದರೂ ಬಂದರು, ಯಾಕಂದರೆ ಗುಡ್ಡವನ್ನು ಅವರು ಹನ್ನೆರಡೂ ತಿಂಗಳು ನೋಡಿದ್ದರು.

ಗುಡ್ಡದ ಮೇಲೆ ಇವತ್ತಿಗೂ ಕಣ್ಣಿಟ್ಟವರಿದ್ದಾರೆ. ‘ಅಲ್ಲೇನೈತ್ರಿ, ಬರೀ ಒಣಾ ಗುಡ್ಡ’ ಅನ್ನೋ ಮಾತು ಅವರ ಮೊದಲ ಹತ್ಯಾರ. ಆಗಸ್ಟ್ ರೀಲ್ಸ್ ಅದಕ್ಕೆ ಉತ್ತರ ಕೊಡೋದಿಲ್ಲ. ಮಾರ್ಚ್‌ನಲ್ಲಿ ಹೋಗಿ ನೋಡಿದೋರಿಗೆ ‘ಹೌದಲ್ಲ, ಒಣಗೇ ಐತಿ’ ಅನ್ನಿಸ್ತದ ಅಷ್ಟೇ.

ಹಂಗಾಗಿ ನೀವು ಫೋನ್ ಹಿಡಿದು ಹೋಗೋರಾದರೆ ಮಾರ್ಚ್‌ನಲ್ಲೂ ಒಮ್ಮೆ ಹೋಗ್ರಿ. ಎಲೆ ಉದುರಿದ ಗಿಡ, ಕಂದು ಹುಲ್ಲು, ಆ ಹುಲ್ಲಿನ ಬಣ್ಣದ್ದೇ ಮೈಯಿರೋ ಪ್ರಾಣಿಗಳು. ತೋಳದ ಗವಿಯೋ, ಹಕ್ಕಿಯ ಗೂಡೋ ಕಂಡರೆ ಲೊಕೇಶನ್ ಹಾಕಬೇಡ್ರಿ, ಮರುದಿನ ಐವತ್ತು ಬೈಕ್ ಬಂದು ನಿಲ್ತಾವ. ವನ್ಯಜೀವಿಧಾಮದೊಳಗೆ ಅನುಮತಿ ಇಲ್ಲದೆ ಡ್ರೋನ್ ಬೇಡ. ಮಾಗಡಿಗಾದರೆ ಅದಕ್ಕೂ ಮೊದಲು, ಡಿಸೆಂಬರ್–ಜನವರಿಯಲ್ಲಿ ಹೋಗ್ರಿ, ಚಳಿ ಮುಗಿದ ಮೇಲೆ ಹೆಬ್ಬಾತು ಇರೋದಿಲ್ಲ. ಹೊತ್ತು ಮುಳುಗಿದ ಕೂಡಲೇ ಕ್ಯಾಮೆರಾ ಒಳಗಿಟ್ಟು ಹೊರಡಬೇಡ್ರಿ. ಅವು ಕೆರೆಯಿಂದ ಎದ್ದು ಕಡಲೆ ಹೊಲದ ಕಡೆ ಹೊರಡೋದು ಆಗಲೇ. ದಂಡೆ ಮೇಲೆ ಎಮ್ಮೆ ಇದ್ದರೆ ಅದೂ ಫ್ರೇಮಿನಾಗ ಇರಲಿ.