ಸ್ವಸ್ಥಚಿತ್ತವಿರುವಾಗಲೇ ಬರೆಯಬೇಕಾದ ಪತ್ರಗಳು

ಮನೆಯನ್ನೋ ಜಮೀನನ್ನೋ ಮಕ್ಕಳ ಹೆಸರಿಗೆ ದಾನಪತ್ರ ಮಾಡಿಕೊಡುವ ಹಿರಿಯರು, ಕೊನೆಯವರೆಗೂ ಅವರೇ ತಮ್ಮನ್ನು ನೋಡಿಕೊಳ್ಳುತ್ತಾರೆ ಎಂಬ ನಂಬಿಕೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆಯೇ ಹೊರತು, ಅದನ್ನು ಪತ್ರದಲ್ಲಿ ಬರೆಸುವುದು ಅಪರೂಪ. ಮುಂದೆ ಆರೈಕೆ ತಪ್ಪಿದಾಗ ನ್ಯಾಯಾಲಯ ಮೊದಲು ಹುಡುಕುವುದು ಬರೆಯದೆ ಬಿಟ್ಟ ಆ ಸಾಲನ್ನೇ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣಕ್ಕಾಗಿ 2007ರಲ್ಲಿ ಬಂದ ಕಾಯ್ದೆಯ 23ನೇ ಪ್ರಕರಣದ ಪ್ರಕಾರ, ಮೂಲ ಅಗತ್ಯಗಳನ್ನು ಪೂರೈಸಬೇಕೆಂಬ ಷರತ್ತಿನೊಡನೆ ಆಸ್ತಿ ಪಡೆದವರು ಆ ಷರತ್ತನ್ನು ಮುರಿದರೆ, ಅಂಥ ವರ್ಗಾವಣೆಯನ್ನು ವಂಚನೆ ಅಥವಾ ಬಲವಂತದಿಂದ ಆದದ್ದೆಂದು ಪರಿಗಣಿಸಿ ರದ್ದುಪಡಿಸಲು ಅವಕಾಶವಿದೆ. ಆದರೆ ಪತ್ರದಲ್ಲಿ ಷರತ್ತೇ ಇಲ್ಲದಿದ್ದರೆ ಈ ಪ್ರಕರಣ ಅನ್ವಯಿಸದು ಎಂದು ಸರ್ವೋಚ್ಚ ನ್ಯಾಯಾಲಯ 2022ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. 2025ರ ಜನವರಿಯಲ್ಲಿ ಬಂದ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಅದೇ ನ್ಯಾಯಾಲಯವು ಕಾಯ್ದೆಯನ್ನು ಹಿರಿಯರ ಹಿತಕ್ಕೆ ಅನುಗುಣವಾಗಿ ಉದಾರವಾಗಿ ಅರ್ಥೈಸಬೇಕೆಂದು ಹೇಳಿ ತಾಯಿಗೆ ಆಸ್ತಿಯನ್ನು ಮರಳಿ ಕೊಡಿಸಿತಾದರೂ, ಅಲ್ಲಿ ಮಗನು ಆಕೆಯನ್ನು ನೋಡಿಕೊಳ್ಳುವುದಾಗಿ ಬರೆದುಕೊಟ್ಟನೆನ್ನಲಾದ ವಚನಪತ್ರವೊಂದು ಆಕೆಯ ಬೆಂಬಲಕ್ಕಿತ್ತು ಎಂಬುದನ್ನು ಮರೆಯಬಾರದು.

ಆದ್ದರಿಂದ ಉಪನೋಂದಣಾಧಿಕಾರಿಯ ಕಚೇರಿಗೆ ಹೋಗುವ ಮುನ್ನವೇ, ಊಟ, ವಸತಿ, ಔಷಧೋಪಚಾರಗಳ ಹೊಣೆಯನ್ನೂ, ಆ ಮನೆಯಲ್ಲಿ ಜೀವಮಾನವಿಡೀ ವಾಸಿಸುವ ಹಕ್ಕನ್ನೂ ಪತ್ರದಲ್ಲಿ ಸ್ಪಷ್ಟವಾಗಿ ಬರೆಸುವುದು ಅವಶ್ಯ. ಇದನ್ನು ಮಕ್ಕಳ ಮೇಲಿನ ಅಪನಂಬಿಕೆಯೆಂದು ತಿಳಿಯಬೇಕಾಗಿಲ್ಲ. ಇನ್ನೂ ಕ್ಷೇಮವಾದ ದಾರಿಯೆಂದರೆ ಉಯಿಲು: ದಾನಪತ್ರದಿಂದ ಆಸ್ತಿ ಆಗಲೇ ಕೈಬಿಟ್ಟು ಹೋಗುತ್ತದೆ, ಉಯಿಲು ಮರಣಾನಂತರವಷ್ಟೇ ಜಾರಿಗೆ ಬರುವುದರಿಂದ ಅದನ್ನು ಎಷ್ಟು ಬಾರಿಯಾದರೂ ಬದಲಿಸಬಹುದು. ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ, ನೋಂದಣಿ ಐಚ್ಛಿಕ.

ಆಸ್ತಿ ಕೊಡದೆಯೂ ಇದೇ 2007ರ ಕಾಯ್ದೆಯಡಿ ಜೀವನಾಂಶ ಕೇಳುವ ಹಕ್ಕು ಹಿರಿಯರಿಗಿದೆ. ವಯಸ್ಕ ಮಕ್ಕಳೂ ಮೊಮ್ಮಕ್ಕಳೂ ಇದಕ್ಕೆ ಬಾಧ್ಯರು. ಸಂತಾನವಿಲ್ಲದ ಹಿರಿಯರ ವಿಷಯದಲ್ಲಿ ಅವರ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ಮುಂದೆ ಪಡೆಯಲಿರುವ ಬಂಧುಗಳು ಬಾಧ್ಯರು. ಅರ್ಜಿಯನ್ನು ಉಪವಿಭಾಗಾಧಿಕಾರಿಯ, ಅಂದರೆ ಜನರು ಎ.ಸಿ. ಎಂದೇ ಕರೆಯುವ ಅಧಿಕಾರಿಯ, ನ್ಯಾಯಮಂಡಳಿಗೆ ವಕೀಲರಿಲ್ಲದೆ ತಾವೇ ಸಲ್ಲಿಸಬಹುದು. ನೋಟಿಸು ಜಾರಿಯಾದ 90 ದಿನಗಳೊಳಗೆ ಅದು ಇತ್ಯರ್ಥವಾಗಬೇಕೆಂಬುದು ನಿಯಮ. ಆದರೆ ಮೂಲ ಕಾಯ್ದೆ ವಿಧಿಸಿದ ತಿಂಗಳಿಗೆ 10,000 ರೂಪಾಯಿಯ ಗರಿಷ್ಠ ಮಿತಿ, ಹಾಸಿಗೆ ಹಿಡಿದ ವೃದ್ಧರೊಬ್ಬರ ಇಂದಿನ ಆರೈಕೆಯ ವೆಚ್ಚದ ಮುಂದೆ ತೀರಾ ಅಲ್ಪವೆಂಬುದನ್ನು ಹೇಳಲೇಬೇಕು.

ಹೆಚ್ಚಿನವರಿಗೆ ಗೊತ್ತಿಲ್ಲದ ತೊಡಕು ಮುಖ್ತ್ಯಾರು ಪತ್ರದಲ್ಲಿದೆ. ಬ್ಯಾಂಕು, ಬಾಡಿಗೆ, ಜಮೀನಿನ ವ್ಯವಹಾರಗಳನ್ನು ತಮ್ಮ ಪರವಾಗಿ ನಡೆಸಲು ಮಗಳಿಗೋ ಅಳಿಯನಿಗೋ ಅಧಿಕಾರ ಕೊಡುವ ಈ ಪತ್ರವು ಕಷ್ಟಕಾಲಕ್ಕೆ ಆಸರೆಯಾಗುತ್ತದೆಂದು ಎಲ್ಲರೂ ಭಾವಿಸುತ್ತಾರೆ. ಆದರೆ 1872ರ ಕರಾರು ಕಾಯ್ದೆಯ 201ನೇ ಪ್ರಕರಣದಂತೆ, ಬರೆದುಕೊಟ್ಟವರ ಬುದ್ಧಿಸ್ವಾಧೀನ ತಪ್ಪಿದೊಡನೆ ಆ ಅಧಿಕಾರವೂ ಮುಗಿಯುತ್ತದೆ. ಡಿಮೆನ್ಷಿಯಾ ಅಂದರೆ ಮರೆಗುಳಿ ಕಾಯಿಲೆ ಬಲಿತಾಗ, ಯಾವ ಗಳಿಗೆಗೆಂದು ಅದನ್ನು ಬರೆಸಿದ್ದರೋ ಆ ಗಳಿಗೆಯಲ್ಲೇ ಅದು ಕೈಕೊಡುತ್ತದೆ. ಸಾಮರ್ಥ್ಯ ಕಳೆದುಕೊಂಡ ನಂತರವೂ ಊರ್ಜಿತವಾಗಿರುವ ಅಧಿಕಾರಪತ್ರಕ್ಕೆ ಇಂಗ್ಲೆಂಡಿನಲ್ಲಿ 2005ರ ಕಾಯ್ದೆಯಿಂದ ಅವಕಾಶವಿದೆ. ಭಾರತದಲ್ಲಿ ಅಂಥದ್ದು ಇಲ್ಲದಿರುವುದರಿಂದ, ಪ್ರಜ್ಞಾಹೀನರಾಗಿ ಮಲಗಿರುವವರ ಕುಟುಂಬಗಳು ಪೋಷಕರ ನೇಮಕಕ್ಕಾಗಿ ಉಚ್ಚ ನ್ಯಾಯಾಲಯಗಳಿಗೆ ರಿಟ್ ಅರ್ಜಿ ಸಲ್ಲಿಸುತ್ತಿವೆ. ಶಾಸಕಾಂಗ ಬೇಗ ತುಂಬಬೇಕಾದ ಕೊರತೆಯಿದು. ಅಲ್ಲಿಯವರೆಗೆ ಜಂಟಿ ಖಾತೆಗಳೂ, ನಂಬಿಕಸ್ಥರನ್ನು ಧರ್ಮದರ್ಶಿಗಳನ್ನಾಗಿಸಿ ಮಾಡುವ ಖಾಸಗಿ ಟ್ರಸ್ಟೂ ಸ್ವಲ್ಪಮಟ್ಟಿಗೆ ನೆರವಾಗಬಲ್ಲವು.

ಚೇತರಿಕೆಯ ಆಸೆಯಿಲ್ಲದ ಸ್ಥಿತಿಯಲ್ಲಿ ಯಂತ್ರಗಳ ಮೂಲಕ ಜೀವ ಉಳಿಸುವುದು ಬೇಡವೆಂದು ಮೊದಲೇ ಬರೆದಿಡಲು ಸರ್ವೋಚ್ಚ ನ್ಯಾಯಾಲಯದ 2018ರ ತೀರ್ಪು ಅವಕಾಶ ಕೊಟ್ಟಿದೆ. 2023ರಲ್ಲಿ ಅದರ ವಿಧಾನ ಸರಳಗೊಂಡು, ಇಬ್ಬರು ಸಾಕ್ಷಿಗಳ ಎದುರಿನ ಸಹಿಯನ್ನು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ದೃಢೀಕರಿಸಿದರೆ ಸಾಕಾಗಿದೆ. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಇದರ ಜಾರಿಗಾಗಿ ಸುತ್ತೋಲೆ ಹೊರಡಿಸಿತು.

ಇವೆಲ್ಲಕ್ಕಿಂತ ಆಳವಾದ ಚಿಂತೆ ಬೌದ್ಧಿಕ ಅಂಗವೈಕಲ್ಯವುಳ್ಳ ಮಕ್ಕಳ ತಂದೆತಾಯಿಗಳದು. ಮಗುವಿಗೆ 18 ತುಂಬಿದೊಡನೆ ಹೆತ್ತವರ ಸಹಜ ಪೋಷಕತ್ವ ಕೊನೆಗೊಳ್ಳುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಮತ್ತು ಬಹುವಿಧ ಅಂಗವೈಕಲ್ಯವುಳ್ಳ ವಯಸ್ಕರಿಗೆ, 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಸ್ಥಳೀಯ ಸಮಿತಿಯು ಕಾನೂನುಬದ್ಧ ಪೋಷಕರನ್ನು ನೇಮಿಸುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಾದರೋ ಸೀಮಿತ ಪೋಷಕತ್ವವೆಂಬ ಬೇರೆ ತತ್ವವನ್ನು ಮುಂದಿಡುತ್ತದೆ: ಪೋಷಕರು ಆ ವ್ಯಕ್ತಿಯ ಪರವಾಗಿ ತೀರ್ಮಾನಿಸುವ ಬದಲು ಆತನ ಜೊತೆಗೂಡಿ, ನಿರ್ದಿಷ್ಟ ವಿಷಯಕ್ಕೆ, ನಿರ್ದಿಷ್ಟ ಕಾಲಕ್ಕೆ ಮಾತ್ರ ತೀರ್ಮಾನಿಸಬೇಕು. ತನ್ನ ಊಟ, ಉಡುಗೆ, ಒಡನಾಟಗಳ ಬಗ್ಗೆ ಇಷ್ಟಾನಿಷ್ಟ ಹೇಳಬಲ್ಲ ಮನುಷ್ಯನ ಮಾತನ್ನು ಪಕ್ಕಕ್ಕಿಡದ ಈ ತತ್ವವೇ ಹೆಚ್ಚು ನ್ಯಾಯವಾದದ್ದು. ಹೆತ್ತವರು ತಮ್ಮ ಆಸ್ತಿಯನ್ನು ಅಂಥ ಮಗ ಅಥವಾ ಮಗಳ ಹೆಸರಿಗೆ ನೇರವಾಗಿ ಬರೆಯುವುದಕ್ಕಿಂತ, ಟ್ರಸ್ಟಿನ ಮೂಲಕ ತಿಂಗಳ ಖರ್ಚಿಗೆ ಸಿಗುವಂತೆ ಏರ್ಪಡಿಸಿ, ತಮಗಿಂತ ಕಿರಿಯರೊಬ್ಬರನ್ನು ಮುಂದಿನ ಪೋಷಕರೆಂದು ಒಪ್ಪಿಸಿಟ್ಟರೆ ಒಳಿತು. ಅಂಗವೈಕಲ್ಯವುಳ್ಳವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುವುದರಿಂದ, ಅವರ ಹಕ್ಕಿನ ಅರ್ಜಿಗಳಿಗಾಗಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಬಹುದು.