ತಡೆಯಾಜ್ಞೆಯ ಬಲವೂ ಮಿತಿಯೂ

ಗದ್ದೆಯ ಬದುವಿನ ಮೇಲೆ ಎದ್ದ ವ್ಯಾಜ್ಯವು ನ್ಯಾಯಾಲಯದ ಮೆಟ್ಟಿಲನ್ನೇರಿದ ಕೆಲವೇ ದಿನಗಳಲ್ಲಿ ಉಭಯ ಪಕ್ಷದವರಲ್ಲೊಬ್ಬನು ‘ಸ್ಟೇ ತಂದಿದ್ದೇನೆ’ ಎಂದು ಊರಿಗೆ ಸಾರುವುದೂ, ಕೇಳಿದವರು ಅವನೇ ಗೆದ್ದನೆಂದು ಭಾವಿಸುವುದೂ ನಮ್ಮಲ್ಲಿ ಸರ್ವಸಾಮಾನ್ಯವಾದ ಸಂಗತಿ. ವಾಸ್ತವವಾಗಿ ಆ ಆಜ್ಞೆಯು ಯಾರ ಸ್ವತ್ತನ್ನೂ ಯಾರಿಗೂ ಕೊಡುವುದಿಲ್ಲ. ದಾವೆ ಇತ್ಯರ್ಥವಾಗುವ ತನಕ ವಸ್ತುಸ್ಥಿತಿ ಕೆಡದಂತೆ ಕಾಯುವುದಷ್ಟೇ ಅದರ ಧರ್ಮ.

ಪಕ್ಷಕಾರರ ಹಕ್ಕುಗಳನ್ನು ನಿರ್ಣಾಯಕವಾಗಿ ತೀರ್ಮಾನಿಸುವ ಡಿಕ್ರಿಯನ್ನೂ, ಡಿಕ್ರಿಯಲ್ಲದ ಇತರ ವಿಧ್ಯುಕ್ತ ನಿರ್ಣಯವಾದ ಆದೇಶವನ್ನೂ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯು ಬೇರೆ ಬೇರೆಯಾಗಿ ಎಣಿಸಿದೆ. ತಾತ್ಕಾಲಿಕ ತಡೆಯಾಜ್ಞೆಯು ಈ ಎರಡನೆಯ ವರ್ಗದ್ದು. ಅದನ್ನು ಬೇಡುವವನು, ಮೇಲ್ನೋಟಕ್ಕೆ ತನ್ನ ಪಕ್ಷದಲ್ಲಿ ಹುರುಳುಂಟೆಂಬುದನ್ನೂ, ಆಜ್ಞೆ ದೊರೆಯದಿದ್ದರೆ ಹಣದಿಂದ ತುಂಬಿಕೊಡಲಾಗದ ಹಾನಿ ಒದಗುವುದೆಂಬುದನ್ನೂ, ಆಜ್ಞೆಯಿಂದ ಎದುರಾಳಿಗೆ ಆಗುವ ಅನನುಕೂಲಕ್ಕಿಂತ ಅದಿಲ್ಲದೆ ತನಗಾಗುವುದೇ ಹೆಚ್ಚೆಂಬುದನ್ನೂ ತೋರಿಸತಕ್ಕದ್ದು. ಎದುರು ಪಕ್ಷಕ್ಕೆ ನೋಟೀಸು ಮುಟ್ಟುವಷ್ಟರಲ್ಲಿ ಉದ್ದೇಶವೇ ಕೆಡುವಂತಿದ್ದರೆ, ಕಾರಣಗಳನ್ನು ಬರೆದಿಟ್ಟು, ಒಬ್ಬನ ಮಾತನ್ನಷ್ಟೇ ಕೇಳಿ ಆಜ್ಞೆ ಹೊರಡಿಸಲು ನ್ಯಾಯಾಧೀಶರಿಗೆ ಅಧಿಕಾರವುಂಟು. ಆಗಲೂ ಆ ಅರ್ಜಿಯನ್ನು 30 ದಿನಗಳೊಳಗೆ ಇತ್ಯರ್ಥಗೊಳಿಸಲು ಯತ್ನಿಸಬೇಕೆಂದು ಸಂಹಿತೆ ವಿಧಿಸುತ್ತದೆ.

ಅಮೀನನು ಮನೆಬಾಗಿಲಿಗೆ ತರುವ ಆ ಕಾಗದದಲ್ಲಿ ಎಲ್ಲಕ್ಕಿಂತ ಮೊದಲು ಓದಬೇಕಾದದ್ದು ಷೆಡ್ಯೂಲು: ಸರ್ವೆ ನಂಬರು, ವಿಸ್ತೀರ್ಣ, ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಹಳ್ಳ, ಉತ್ತರ ದಕ್ಷಿಣಗಳಿಗೆ ಏನು ಎಂಬ ಚಕ್ಕುಬಂದಿ. ಆಜ್ಞೆಯ ಅಧಿಕಾರವೆಲ್ಲವೂ ಆ ನಾಲ್ಕು ಎಲ್ಲೆಗಳೊಳಗೆ, ಪ್ರತಿವಾದಿಯ ಮೇಲೆಯೂ ಅವನ ಕಡೆಯವರ ಮೇಲೆಯೂ, ಅಲ್ಲಿ ನಿಷೇಧಿಸಿದ ಕೃತ್ಯಕ್ಕೆ ಮಾತ್ರವೇ ಸಲ್ಲುವುದು. ಅದನ್ನು ಹಿಡಿದು ಪಕ್ಕದ ಸರ್ವೆ ನಂಬರಿನಲ್ಲಿ ಉಳುವವನನ್ನು ತಡೆಯಹೊರಟರೆ ಅದು ಬೆದರಿಕೆಯೇ ಹೊರತು ಕಾನೂನಲ್ಲ.

ಮಿತಿಯುಳ್ಳದ್ದೆಂಬ ಕಾರಣದಿಂದ ಅದನ್ನು ಉಪೇಕ್ಷಿಸುವಂತೆಯೂ ಇಲ್ಲ. ಆಜ್ಞೆಯು ತಪ್ಪೆಂದು ತೋರಿದವನು ಅದನ್ನು ತೆರವುಗೊಳಿಸಬೇಕೆಂದು ಅದೇ ನ್ಯಾಯಾಲಯವನ್ನು ಕೇಳಬಹುದು, ಮೇಲ್ಮನವಿಯನ್ನೂ ಸಲ್ಲಿಸಬಹುದು. ತೆರವಾಗುವ ತನಕ ಅದಕ್ಕೆ ತಲೆಬಾಗಿಯೇ ನಡೆಯಬೇಕು. ಉಲ್ಲಂಘಿಸಿದವನ ಆಸ್ತಿಯನ್ನು ಜಪ್ತಿ ಮಾಡಲೂ, ಅವನನ್ನು 3 ತಿಂಗಳು ಮೀರದಂತೆ ಸಿವಿಲ್ ಬಂದೀಖಾನೆಯಲ್ಲಿಡಲೂ ಅವಕಾಶವುಂಟು. ಆಜ್ಞೆಯು ಮುಂದೆ ರದ್ದಾದರೂ, ಅದು ಜಾರಿಯಲ್ಲಿದ್ದಾಗ ನಡೆದ ಉಲ್ಲಂಘನೆಯ ದೋಷ ಅಳಿಯದೆಂಬುದು ಸುಪ್ರೀಂ ಕೋರ್ಟಿನ ನಿಲುವು.

ಆದುದರಿಂದ ಸ್ಟೇ ಪಡೆದವನು ಹಿಗ್ಗುವುದನ್ನು ಬಿಟ್ಟು ಸಾಕ್ಷ್ಯವನ್ನು ಅಣಿಗೊಳಿಸಲಿ. ಅದಕ್ಕೊಳಗಾದವನು ಗದ್ದೆಗಿಳಿಯುವ ಮುನ್ನ ವಕೀಲರನ್ನು ಕಾಣಲಿ. ಬದು ಯಾರದೆಂಬುದನ್ನು ಹೇಳಬೇಕಾದದ್ದು ಡಿಕ್ರಿಯೇ.